ಇಂಪೇಶನ್ಸ್: ಪಾತಿಯಲ್ಲೂ ಕುಂಡದಲ್ಲೂ ಬೆಳೆಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನೆರಳು ಬೀಳುವ ಜಾಗದಲ್ಲಿ ತಿಂಗಳುಗಟ್ಟಲೆ ಹೂ ಬೇಕು ಅನ್ನುವವರಿಗೆ ಇಂಪೇಶನ್ಸ್‌ನಷ್ಟು ಒದಗಿಬರುವ ಗಿಡಗಳು ಕಡಿಮೆ. ಆದರೂ ಇದರ ಬಗ್ಗೆ ದೂರುಗಳು ಬರುತ್ತಲೇ ಇರುತ್ತವೆ. ಬಾಡಿತು, ಎಲೆ ಉದುರಿತು, ಹೂವೇ ಬರಲಿಲ್ಲ, ಬರೀ ಕಡ್ಡಿ ಉಳಿಯಿತು. ಇವುಗಳಲ್ಲಿ ಹೆಚ್ಚಿನವು ಎರಡು ಕಾರಣಕ್ಕೆ ಹುಟ್ಟುತ್ತವೆ. ಜಾಗದ ಬೆಳಕು ನೋಡದೆ ಹೂವಿನ ಬಣ್ಣ ನೋಡಿ ಗಿಡ ತರುವುದು ಒಂದು. ಮಣ್ಣು ಮುಟ್ಟಿ ನೋಡದೆ ನೀರು ಹಾಕುವುದು ಇನ್ನೊಂದು. ಕೆಳಗಿನ ಉತ್ತರಗಳಲ್ಲಿ ಈ ಎರಡು ಮಾತು ಮತ್ತೆ ಮತ್ತೆ ಬರುತ್ತವೆ, ಯಾಕೆಂದರೆ ಬಹಳಷ್ಟು ತೊಂದರೆಗಳು ಸುತ್ತಿ ಬಳಸಿ ಅಲ್ಲಿಗೇ ಬಂದು ನಿಲ್ಲುತ್ತವೆ.

ಇಂಪೇಶನ್ಸ್ ಅಂದರೆ ಒಂದೇ ಗಿಡವಾ, ಬೇರೆ ಬೇರೆ ಜಾತಿಗಳಿವೆಯಾ?

ಈ ಕುಲದಲ್ಲಿ 1,000ಕ್ಕೂ ಹೆಚ್ಚು ಜಾತಿಗಳಿವೆ. ಕೈತೋಟಕ್ಕೆ ಬರುವುದು ಮುಖ್ಯವಾಗಿ ನಾಲ್ಕು ಬಗೆ. ಇವನ್ನು ನೋಡಿದ ಕೂಡಲೇ ಗುರುತು ಹಿಡಿಯಲು ಬಂದರೆ ಅರ್ಧ ಕೆಲಸ ಮುಗಿದಂತೆ.

ಮೊದಲನೆಯದು ವಾಲೆರಿಯಾನಾ. ಬಿಝಿ ಲಿಜ್ಜಿ ಅಂತಲೂ ಕರೆಯುತ್ತಾರೆ. ಇದರ ಮೂಲ ಪೂರ್ವ ಆಫ್ರಿಕಾ, ಕೀನ್ಯಾದಿಂದ ಮೊಜಾಂಬಿಕ್‌ವರೆಗಿನ ನೆರಳಿನ, ತೇವದ ಜಾಗಗಳು. ಎಲೆ ಮೆತ್ತಗೆ, ಹೂ ಚಪ್ಪಟೆ. ಕಾಂಡ ಎಷ್ಟು ರಸಭರಿತ ಅಂದರೆ ಬೆಳಕಿಗೆ ಹಿಡಿದರೆ ಒಳಗಿನ ನೀರು ಕಂಡಂತಾಗುತ್ತದೆ. ಮೊದಲು ಇದು ಉದ್ದುದ್ದ ಬೆಳೆದು ಜೋತು ಬೀಳುವ ಗಿಡವಾಗಿತ್ತು. 1960ರ ದಶಕದಲ್ಲಿ ಅಮೆರಿಕದ ತಳಿತಜ್ಞ ಕ್ಲಾಡ್ ಹೋಪ್ ಕೋಸ್ಟರಿಕಾದಲ್ಲಿ ಕೂತು ಇದರ ಗಿಡ್ಡ ತಳಿಗಳನ್ನು ಬೆಳೆಸಿದರು. ‘ಎಲ್ಫಿನ್’ ಸರಣಿ ಅವರ ಕೆಲಸದಿಂದಲೇ ಬಂದದ್ದು. ಬುಡದಲ್ಲೇ ಕವಲೊಡೆದು ಪಾತಿ ತುಂಬ ಹೂ ಹಾಸುವ ಇಂದಿನ ವಾಲೆರಿಯಾನಾ ತೋಟಗಳಿಗೆ ಬಂದದ್ದು ಆಮೇಲೆ.

ಎರಡನೆಯದು ನ್ಯೂಗಿನಿ ಇಂಪೇಶನ್ಸ್. ಎಲೆ ಉದ್ದ, ದಪ್ಪ, ಮಿರಮಿರ ಮಿಂಚುತ್ತದೆ. ಕೆಲವು ತಳಿಗಳ ಎಲೆ ಕಂಚಿನ ಬಣ್ಣ, ಕೆಲವದರಲ್ಲಿ ನಡುವೆ ಹಳದಿ ಪಟ್ಟೆ. 1970ರಲ್ಲಿ ಅಮೆರಿಕದ ಕೃಷಿ ಇಲಾಖೆ ಮತ್ತು ಅಲ್ಲಿನ ಲಾಂಗ್‌ವುಡ್ ಗಾರ್ಡನ್ಸ್ ಎಂಬ ಸಸ್ಯೋದ್ಯಾನ ಸೇರಿ ನ್ಯೂಗಿನಿ ದ್ವೀಪಕ್ಕೆ ಒಂದು ತಂಡ ಕಳಿಸಿದ್ದವು. ಆ ತಂಡ ತಂದ ಗಿಡಗಳಿಂದಲೇ ಈ ಬಗೆಯ ತಳಿ ಅಭಿವೃದ್ಧಿ ಜೋರಾಯಿತು.

ಮೂರನೆಯದು ಸನ್‌ಪೇಶನ್ಸ್. ಜಪಾನಿನ ಸಕಾಟಾ ಬೀಜ ಕಂಪನಿ ಜಾತಿಗಳನ್ನು ಅಡ್ಡ ಹಾಯಿಸಿ ಬೆಳೆಸಿದ್ದು. ನೋಡಲು ನ್ಯೂಗಿನಿಯಂತೆಯೇ ಇರುತ್ತದೆ, ಆದರೆ ನೇರ ಬಿಸಿಲು ತಡೆಯುತ್ತದೆ.

ನಾಲ್ಕನೆಯದು ಕರ್ಣಕುಂಡಲ, ಅಂದರೆ ಬಾಲ್ಸಮ್. ಇದು ಭಾರತ ಮತ್ತು ಆಗ್ನೇಯ ಏಷ್ಯಾದ್ದು. ಉಳಿದವುಗಳಲ್ಲಿ ಹೂ ಗಿಡದ ಮೇಲ್ಗಡೆ ಅರಳಿದರೆ ಇದರಲ್ಲಿ ಕಾಂಡಕ್ಕೆ ಅಂಟಿಕೊಂಡು ಎಲೆಗಳ ನಡುವೆ ಅರಳುತ್ತದೆ. ಒಂದು ಹಂಗಾಮಿನಲ್ಲಿ ಹೂ ಬಿಟ್ಟು, ಬೀಜ ಕಟ್ಟಿ ಮುಗಿದುಹೋಗುತ್ತದೆ.

ಎಷ್ಟು ಬಿಸಿಲು ಬೇಕು?

ವಾಲೆರಿಯಾನಾಗೆ ಬೆಳಗಿನ 2ರಿಂದ 3 ಗಂಟೆ ಎಳೆಬಿಸಿಲು ಸಾಕು. ಮಧ್ಯಾಹ್ನ ನೆರಳು ಇರಲೇಬೇಕು. ಮರದ ಕೆಳಗೆ ಸೋಸಿ ಬರುವ ಬೆಳಕು ಇದಕ್ಕೆ ಹೇಳಿ ಮಾಡಿಸಿದ್ದು. ನ್ಯೂಗಿನಿ ಇನ್ನೂ ಸ್ವಲ್ಪ ಜಾಸ್ತಿ, 4ರಿಂದ 6 ಗಂಟೆವರೆಗೂ ಒಪ್ಪುತ್ತದೆ. ಆದರೆ ಅದೂ ಬೆಳಗಿನ ಹೊತ್ತಿನದೇ ಆಗಿರಲಿ. ಸನ್‌ಪೇಶನ್ಸ್‌ಗೆ ಇಡೀ ದಿನದ ಬಿಸಿಲಾದರೂ ನಡೆಯುತ್ತದೆ, ನೀರು ಮಾತ್ರ ತಪ್ಪಬಾರದು. ಕರ್ಣಕುಂಡಲ ಬಿಸಿಲಲ್ಲೂ ಅರೆನೆರಳಲ್ಲೂ ಬರುತ್ತದೆ.

ನೆರಳಿನ ಗಿಡ ಅಂತ ಹೇಳಿದ ಕೂಡಲೇ ಕತ್ತಲೆ ಮೂಲೆಗೆ ಇಡುವವರಿದ್ದಾರೆ. ಅಲ್ಲಿ ಗಿಡ ಸಾಯುವುದಿಲ್ಲ, ಬೆಳಕು ಹುಡುಕಿಕೊಂಡು ಉದ್ದಕ್ಕೆ ಹೋಗುತ್ತದೆ. ಗೆಣ್ಣುಗಳ ನಡುವಿನ ಅಂತರ ಹಿಗ್ಗುತ್ತದೆ, ಹೂ ಅಲ್ಲೊಂದು ಇಲ್ಲೊಂದು. ಗಿಡ ಇಡುವ ಜಾಗವನ್ನು ಒಂದು ದಿನ ಬೆಳಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ ನೋಡಿ. ಅದಾದ ಮೇಲೆ ನರ್ಸರಿಗೆ ಹೋಗಿ.

ಬೇಸಿಗೆಯ ಹೂ ಅನ್ನುತ್ತಾರೆ, ಆದರೆ ನಿಜವಾದ ಬೇಸಿಗೆಯಲ್ಲೇ ಸುಸ್ತಾಗುತ್ತದಲ್ಲ?

ಬೇಸಿಗೆ ಅನ್ನುವುದು ಎಲ್ಲ ಕಡೆ ಒಂದೇ ಅಲ್ಲ, ಅಲ್ವಾ? ಇದನ್ನು ಬೇಸಿಗೆ ಹೂ ಅಂತ ಹೇಳಿದವರು ತಂಪು ದೇಶದವರು. ಅಲ್ಲಿಯ ಬೇಸಿಗೆ 20ರಿಂದ 27 ಡಿಗ್ರಿ ಸೆಲ್ಸಿಯಸ್ ಆಸುಪಾಸಿನದು, ಇಂಪೇಶನ್ಸ್‌ಗೆ ಹಿತವಾದ ಹವೆಯೂ ಅದೇ. ಚಳಿಗಾಲದ ಹಿಮ ಇದಕ್ಕೆ ಆಗುವುದಿಲ್ಲ. ಹಾಗಾಗಿ ಸ್ವಭಾವದಲ್ಲಿ ಹಲವು ವರ್ಷ ಬದುಕುವ ವಾಲೆರಿಯಾನಾವನ್ನೂ ನ್ಯೂಗಿನಿಯನ್ನೂ ಅಲ್ಲಿ ಒಂದು ಬೇಸಿಗೆಗೆ ಅಂತಲೇ ನೆಡುತ್ತಾರೆ.

ಬೇಸಿಗೆಯಲ್ಲಿ ಉಷ್ಣತೆ 35 ಡಿಗ್ರಿ ದಾಟುವ ಕಡೆ ಲೆಕ್ಕ ಬದಲಾಗುತ್ತದೆ. ಅಲ್ಲಿ ವಾಲೆರಿಯಾನಾ ಚೆನ್ನಾಗಿ ಕಾಣುವುದು ಹವೆ ತಂಪಾದ ತಿಂಗಳುಗಳಲ್ಲಿ. ಉರಿಬೇಸಿಗೆಯಲ್ಲೂ ಹೂ ಬೇಕೇ ಬೇಕು ಅಂದರೆ ಸನ್‌ಪೇಶನ್ಸ್ ಅಥವಾ ಕರ್ಣಕುಂಡಲ ನೆಡಿ. ಈಗಾಗಲೇ ವಾಲೆರಿಯಾನಾ ಇದ್ದರೆ ಕುಂಡಗಳನ್ನು ಕಾದ ಗೋಡೆ, ಕಾದ ಸಿಮೆಂಟ್ ನೆಲದಿಂದ ದೂರ ಸರಿಸಿ ಒಂದರ ಪಕ್ಕ ಒಂದು ಇಡಿ. ಒಟ್ಟಿಗೆ ಇದ್ದಾಗ ಅವುಗಳ ಸುತ್ತ ಗಾಳಿ ಸ್ವಲ್ಪ ತೇವವಾಗಿರುತ್ತದೆ. ಹೂ ಕಡಿಮೆಯಾದರೆ ಆಗಲಿ, ಆ ದಿನಗಳಲ್ಲಿ ಗಿಡ ಉಳಿಸಿಕೊಂಡರೆ ಸಾಕು.

ಹೊರಗೆ ನೆಡಲು ಸರಿಯಾದ ಸಮಯ ಯಾವುದು?

ಕ್ಯಾಲೆಂಡರ್ ನೋಡಬೇಡಿ, ರಾತ್ರಿಯ ಚಳಿ ನೋಡಿ. ರಾತ್ರಿ ಉಷ್ಣತೆ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತಿದ್ದರೆ ಗಿಡ ಬೆಳೆಯದೆ ಮುದುಡಿ ಕೂರುತ್ತದೆ. ಹಿಮ ಬಿದ್ದರಂತೂ ಒಂದೇ ರಾತ್ರಿಗೆ ಕಪ್ಪಾಗಿ ಕುಸಿಯುತ್ತದೆ. ಮನೆಯೊಳಗೆ ಅಥವಾ ಹಸಿರುಮನೆಯಲ್ಲಿ ಬೆಳೆದ ಸಸಿಯನ್ನು ಒಂದು ವಾರದಿಂದ 10 ದಿನ ಹೊರಗಿನ ಗಾಳಿಗೆ ಒಗ್ಗಿಸಿ. ಮೊದಲ ದಿನ ಒಂದೆರಡು ಗಂಟೆ, ಆಮೇಲೆ ದಿನದಿಂದ ದಿನಕ್ಕೆ ಜಾಸ್ತಿ. ನೆಡುವುದು ಸಂಜೆ ಹೊತ್ತಿಗೆ ಇರಲಿ.

ನರ್ಸರಿಯಲ್ಲಿ ಸಸಿ ಆರಿಸುವಾಗ ಏನು ನೋಡಬೇಕು?

ತುಂಬಾ ಹೂ ಬಿಟ್ಟಿರುವುದನ್ನು ಬಿಟ್ಟು, ಗಿಡ್ಡವಾಗಿ ಕವಲೊಡೆದು ಮೊಗ್ಗು ತುಂಬಿರುವುದನ್ನು ತನ್ನಿ. ಎಲೆ ಮಗುಚಿ ಕೆಳಭಾಗ ನೋಡಿ. ಬಿಳಿ ಪುಡಿ, ಸಣ್ಣ ಬಲೆ, ಓಡಾಡುವ ಚುಕ್ಕೆಗಳು ಕಂಡರೆ ಆ ಗಿಡ ಬೇಡ, ಅದರ ಪಕ್ಕದ್ದೂ ಬೇಡ. ಕುಂಡದ ತಳದ ತೂತಿನಿಂದ ಕಾಣುವ ಬೇರು ಬೆಳ್ಳಗಿರಬೇಕು. ಕಂದು ಬಣ್ಣಕ್ಕೆ ತಿರುಗಿ ಕೊಳೆತ ವಾಸನೆ ಬಂದರೆ ಹೂ ಎಷ್ಟೇ ಚೆನ್ನಾಗಿರಲಿ, ಅಲ್ಲೇ ಬಿಟ್ಟು ಬನ್ನಿ.

ಪಾತಿ ಹೇಗೆ ಸಿದ್ಧ ಮಾಡಬೇಕು? ಗಿಡದಿಂದ ಗಿಡಕ್ಕೆ ಎಷ್ಟು ಅಂತರ?

ಮಣ್ಣು ಸಡಿಲವಾಗಿ, ತೇವ ಹಿಡಿದುಕೊಂಡು, ನೀರು ಮಾತ್ರ ನಿಲ್ಲದಂತೆ ಇರಬೇಕು. ಒಂದು ಅಡಿ ಆಳಕ್ಕೆ ಅಗೆದು, ಚೆನ್ನಾಗಿ ಕಳಿತ ಕಾಂಪೋಸ್ಟ್ ಅಥವಾ ಎಲೆಗೊಬ್ಬರ ಬೆರೆಸಿ. ಸ್ವಲ್ಪ ಹುಳಿ ಮಣ್ಣು, ಅಂದರೆ ಪಿಎಚ್ 6.0ರಿಂದ 6.5, ಇದಕ್ಕೆ ಇಷ್ಟ. ಮರದ ಕೆಳಗೆ ನೆಡುವುದಾದರೆ ಅಲ್ಲಿ ಮರದ ಬೇರುಗಳೂ ನೀರು ಕುಡಿಯುತ್ತವೆ ಅನ್ನುವುದು ನೆನಪಿರಲಿ. ಮಳೆ ಬಂದರೂ ಕೊಂಬೆಗಳ ಅಡಿ ಮಣ್ಣು ಒಣಗಿಯೇ ಇರಬಹುದು.

ವಾಲೆರಿಯಾನಾಗೆ 20ರಿಂದ 30 ಸೆಂಟಿಮೀಟರ್ ಅಂತರ ಸಾಕು. ನ್ಯೂಗಿನಿಗೆ 30ರಿಂದ 45, ಸನ್‌ಪೇಶನ್ಸ್‌ನ ದೊಡ್ಡ ತಳಿಗಳಿಗೆ 60ರವರೆಗೂ ಬೇಕು. ಬೇಗ ತುಂಬಲಿ ಅಂತ ಒತ್ತೊತ್ತಾಗಿ ನೆಟ್ಟರೆ ಗಿಡಗಳು ಪೈಪೋಟಿಯಲ್ಲಿ ಎತ್ತರಕ್ಕೆ ಹೋಗುತ್ತವೆ, ಒಳಗೆ ಗಾಳಿಯಾಡುವುದಿಲ್ಲ, ಎಲೆ ಒದ್ದೆ ಆರುವುದಿಲ್ಲ. ಮೊದಲ ಕೆಲವು ವಾರ ನಡುವೆ ಮಣ್ಣು ಕಾಣುತ್ತಿದ್ದರೆ ಕಾಣಲಿ. ನೆಟ್ಟ ಮೇಲೆ ಮಣ್ಣಿಗೆ ಒಣ ಎಲೆಯ ಹೊದಿಕೆ ಹಾಕಿ, ಕಾಂಡಕ್ಕೆ ತಾಗದ ಹಾಗೆ.

ಕುಂಡ ಎಷ್ಟು ದೊಡ್ಡದಿರಬೇಕು? ಯಾವ ಮಣ್ಣು?

ಒಂದು ಗಿಡಕ್ಕೆ 15ರಿಂದ 20 ಸೆಂಟಿಮೀಟರ್ ಅಗಲದ ಕುಂಡ. 30 ಸೆಂಟಿಮೀಟರ್ ಕುಂಡದಲ್ಲಿ ಮೂರು ಗಿಡ ನೆಟ್ಟರೆ ಬೇಗ ತುಂಬಿಕೊಳ್ಳುತ್ತವೆ. ತೂಗುಕುಂಡಕ್ಕೆ ವಾಲೆರಿಯಾನಾ ತುಂಬಾ ಒಪ್ಪುತ್ತದೆ, ಅಂಚಿನಿಂದ ಕೆಳಗಿಳಿದು ಕುಂಡವನ್ನೇ ಮುಚ್ಚಿಬಿಡುತ್ತದೆ. ಆದರೆ ಅದಕ್ಕೆ ಸುತ್ತಲಿನ ಗಾಳಿಯೂ ತಾಗುವುದರಿಂದ ನೆಲದ ಕುಂಡಕ್ಕಿಂತ ಬೇಗ ಒಣಗುತ್ತದೆ. ಮಣ್ಣಿನ ಕುಂಡವೂ ಪ್ಲಾಸ್ಟಿಕ್ ಕುಂಡಕ್ಕಿಂತ ಬೇಗ ಒಣಗುತ್ತದೆ. ದಿನಾ ನೋಡಿಕೊಳ್ಳಲು ಬಿಡುವಿಲ್ಲದವರು ಪ್ಲಾಸ್ಟಿಕ್ಕನ್ನೇ ಆರಿಸಿ, ತಪ್ಪೇನಿಲ್ಲ.

ಬರೀ ತೋಟದ ಮಣ್ಣನ್ನು ಕುಂಡಕ್ಕೆ ತುಂಬಬೇಡಿ. ನೀರು ಹಾಕುತ್ತಾ ಹೋದಂತೆ ಗಟ್ಟಿಯಾಗಿ ಕೂರುತ್ತದೆ. ಎರಡು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಎರೆಗೊಬ್ಬರ ಅಥವಾ ಕಾಂಪೋಸ್ಟ್, ಒಂದು ಪಾಲು ಪರ್ಲೈಟ್ (ಹಗುರಾದ ಬಿಳಿ ಖನಿಜದ ಕಣಗಳು) ಅಥವಾ ದಪ್ಪ ಮರಳು ಸೇರಿಸಿದರೆ ಹದವಾಗಿರುತ್ತದೆ. ಕೋಕೋಪೀಟನ್ನು ಮೊದಲು ಚೆನ್ನಾಗಿ ತೊಳೆದು ಉಪ್ಪಿನಂಶ ಬಿಡಿಸಿ. ನ್ಯೂಗಿನಿ ಬೇರುಗಳಿಗೆ ಉಪ್ಪು ಸ್ವಲ್ಪವೂ ಆಗಿಬರುವುದಿಲ್ಲ.

ನೀರು ಬಸಿಯಲಿ ಅಂತ ಕುಂಡದ ತಳಕ್ಕೆ ಜಲ್ಲಿಕಲ್ಲು ಹಾಕಬೇಕಾ?

ಬೇಡ. ಸಣ್ಣ ಕಣದ ಮಣ್ಣಿನಿಂದ ದೊಡ್ಡ ಕಲ್ಲಿನ ಪದರಕ್ಕೆ ನೀರು ಸುಲಭವಾಗಿ ಇಳಿಯುವುದಿಲ್ಲ, ಕಲ್ಲಿನ ಮೇಲೆಯೇ ನಿಲ್ಲುತ್ತದೆ. ಆಗ ಒದ್ದೆ ಪದರ ಬೇರಿಗೆ ಇನ್ನೂ ಹತ್ತಿರ ಬಂದ ಹಾಗಾಯಿತು. ತಳದಲ್ಲಿ ತೂತು ಇರಲಿ, ಮಣ್ಣು ಸಡಿಲ ಇರಲಿ, ಅಷ್ಟು ಸಾಕು.

ನೀರು ದಿನಾ ಹಾಕಬೇಕಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ಹೌದು ಅಥವಾ ಇಲ್ಲ ಅಂತ ಒಂದು ಮಾತಲ್ಲಿ ಉತ್ತರ ಹೇಳಿದರೆ ನಿಮ್ಮ ಗಿಡಕ್ಕೆ ಅನ್ಯಾಯವಾಗುತ್ತದೆ. ತೇವ ಯಾವಾಗಲೂ ಇರಬೇಕು, ಕೆಸರು ಯಾವತ್ತೂ ಆಗಬಾರದು. ಅದಕ್ಕೆ ದಿನಕ್ಕೆ ಎಷ್ಟು ನೀರು ಬೇಕು ಅನ್ನುವುದು ಕುಂಡದ ಗಾತ್ರ, ಗಾಳಿ, ಬಿಸಿಲು, ಗಿಡದ ವಯಸ್ಸು ಎಲ್ಲವನ್ನೂ ಅವಲಂಬಿಸಿದೆ.

ಬೆರಳನ್ನು ಮೊದಲ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ. ತಣ್ಣಗೆ ತೇವ ತಾಗಿ ಮಣ್ಣಿನ ಕಣ ಬೆರಳಿಗೆ ಅಂಟಿದರೆ ಇವತ್ತು ಬೇಡ. ಒಣ ಪುಡಿಯಂತೆ ಉದುರಿದರೆ ಹಾಕಿ. ಕುಂಡ ಸಣ್ಣದಾದರೆ ಎತ್ತಿ ನೋಡುವುದು ಇನ್ನೂ ಸುಲಭ. ನೀರು ಹಾಕಿದ ಕೂಡಲೇ ಒಮ್ಮೆ ಎತ್ತಿ, ಆ ಭಾರ ಕೈಗೆ ನೆನಪಿರುತ್ತದೆ. ಮುಂದಿನ ಸಲ ಹಗುರಾಗಿದ್ದರೆ ಗೊತ್ತಾಗಿಬಿಡುತ್ತದೆ. ಕೆಲವು ದಿನಗಳಲ್ಲಿ ಈ ಅಂದಾಜು ತಾನಾಗೇ ಬರುತ್ತದೆ.

ಹಾಕುವಾಗ ತಳದಿಂದ ನೀರು ಬಸಿಯುವವರೆಗೆ ಹಾಕಿ, ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ. ದಿನಾ ಒಂದು ಲೋಟ ಅಂತ ಮೇಲೆ ಮೇಲೆ ಚಿಮುಕಿಸಿದರೆ ಮೇಲ್ಮಣ್ಣು ಮಾತ್ರ ಒದ್ದೆಯಾಗುತ್ತದೆ, ಕೆಳಗಿನ ಬೇರು ಬಾಯಾರಿಕೊಂಡೇ ಇರುತ್ತದೆ. ಬೆಳಗ್ಗೆಯೇ ಹಾಕಿ, ಬುಡಕ್ಕೆ ಹಾಕಿ. ಎಲೆ ಒದ್ದೆಯಾಗಿ ರಾತ್ರಿಯಿಡೀ ಹಾಗೇ ಇದ್ದರೆ ರೋಗಕ್ಕೆ ದಾರಿ ಮಾಡಿಕೊಟ್ಟಂತೆ. ಮಣ್ಣು ತೀರಾ ಒಣಗಿ ಕುಂಡದ ಅಂಚಿನಿಂದ ಬಿಟ್ಟುಕೊಂಡಿದ್ದರೆ ಮೇಲಿಂದ ಹಾಕಿದ ನೀರು ಪಕ್ಕದಲ್ಲೇ ಇಳಿದುಹೋಗುತ್ತದೆ. ಆಗ ಕುಂಡವನ್ನು ನೀರಿನ ಬೇಸಿನ್‌ನಲ್ಲಿ ಅರ್ಧ ಗಂಟೆ ಇಟ್ಟು ಕೆಳಗಿಂದ ಹೀರಿಕೊಳ್ಳಲು ಬಿಡಿ.

ಮಣ್ಣು ಒದ್ದೆ ಇದ್ದರೂ ಗಿಡ ಬಾಡಿದೆ. ಏನಾಗಿರಬಹುದು?

ಎರಡು ಸಾಧ್ಯತೆ. ಸುಡು ಮಧ್ಯಾಹ್ನದಲ್ಲಿ ಎಲೆಯಿಂದ ಹೋಗುವಷ್ಟು ನೀರನ್ನು ಬೇರು ತರಲಾರದೆ ಗಿಡ ಸುಮ್ನೆ ಜೋತು ಬೀಳುತ್ತದೆ. ಸಂಜೆ ತಂಪಾದ ಮೇಲೆ ತಾನಾಗೇ ಎದ್ದು ನಿಂತರೆ ತೊಂದರೆಯಿಲ್ಲ, ಇನ್ನೊಂಚೂರು ನೆರಳು ಕೊಡಿ.

ಬೆಳಗ್ಗೆಯೂ ಬಾಡಿಯೇ ಇದ್ದರೆ ಬೇರು ಕೊಳೆತಿದೆ. ಬಹಳ ಜನ ಇಲ್ಲಿ ಇನ್ನಷ್ಟು ನೀರು ಹಾಕುತ್ತಾರೆ, ಅಲ್ಲಿಗೆ ಗಿಡ ಹೋಯಿತು. ಗಿಡವನ್ನು ಕುಂಡದಿಂದ ಎಳೆದು ನೋಡಿ. ಕಂದು ಬೇರನ್ನು ಹಿಡಿದೆಳೆದರೆ ಹೊರಸಿಪ್ಪೆ ಕಳಚಿ ಕೈಗೆ ಬಂದು, ಒಳಗಿನ ನೂಲಿನಂಥ ಎಳೆ ಮಾತ್ರ ಉಳಿಯುತ್ತದೆ. ಅಂಥ ಗಿಡವನ್ನು ಉಳಿಸಲು ಹೆಣಗುವ ಬದಲು ಮೇಲಿನ ಆರೋಗ್ಯದ ಕುಡಿಗಳನ್ನು ಕತ್ತರಿಸಿ ಹೊಸ ಗಿಡ ಮಾಡಿಕೊಳ್ಳಿ.

ಗೊಬ್ಬರ ಎಷ್ಟು ಹಾಕಬೇಕು?

ಕಡಿಮೆ. ನೆಡುವಾಗ ಕಾಂಪೋಸ್ಟ್ ಸೇರಿಸಿದ್ದರೆ ಪಾತಿಯ ಗಿಡಕ್ಕೆ ಹೆಚ್ಚೇನೂ ಬೇಡ. ಕುಂಡದಲ್ಲಿ ನೀರಿನ ಜೊತೆ ಸಾರ ಬಸಿದು ಹೋಗುವುದರಿಂದ ಎರಡು ವಾರಕ್ಕೊಮ್ಮೆ ಸಮತೋಲದ ದ್ರವ ಗೊಬ್ಬರ ಕೊಡಿ, ಪೊಟ್ಟಣದಲ್ಲಿ ಹೇಳಿದ ಪ್ರಮಾಣದ ಅರ್ಧದಷ್ಟು. ಒಣ ಮಣ್ಣಿಗೆ ಗೊಬ್ಬರ ಹಾಕಬೇಡಿ, ಮೊದಲು ನೀರು. ಸಾರಜನಕ ಜಾಸ್ತಿಯಾದರೆ ಎಲೆ ದಟ್ಟ ಹಸಿರಾಗಿ ಸೊಕ್ಕುತ್ತದೆ, ಹೂ ಕಡಿಮೆಯಾಗುತ್ತದೆ. ನ್ಯೂಗಿನಿಯ ಎಲೆ ಅಂಚು ಕಂದಾಗಿ ಒಣಗುತ್ತಾ ಬಂದರೆ ಗೊಬ್ಬರ ಜಾಸ್ತಿಯಾಗಿರುವ ಸಾಧ್ಯತೆ ಇದೆ. ಬರೀ ನೀರನ್ನು ಧಾರಾಳವಾಗಿ ಹಾಯಿಸಿ ಉಪ್ಪು ತೊಳೆದು ಬಿಡಿ.

ಬಾಡಿದ ಹೂ ಕೀಳಬೇಕಾ?

ಒಂಟಿ ಸುತ್ತಿನ ಹೂಗಳಲ್ಲಿ ಅಗತ್ಯವಿಲ್ಲ, ತಾನಾಗೇ ಉದುರುತ್ತವೆ. ಗುಲಾಬಿಯಂತೆ ಸುತ್ತು ಸುತ್ತು ದಳಗಳಿರುವ ತಳಿಗಳಲ್ಲಿ ಬಾಡಿದ ಹೂ ಎಲೆಗೆ ಅಂಟಿ ಕೊಳೆಯುವುದುಂಟು, ಅವನ್ನು ತೆಗೆಯಿರಿ.

ಗಿಡ ಉದ್ದಕ್ಕೆ ಬೆಳೆದು ಬುಡ ಬೋಳಾಗಿದೆ. ಕತ್ತರಿಸಬಹುದಾ?

ಧೈರ್ಯವಾಗಿ ಕತ್ತರಿಸಿ. ನೆಲದಿಂದ 8ರಿಂದ 10 ಸೆಂಟಿಮೀಟರ್ ಬಿಟ್ಟು, ಒಂದು ಗೆಣ್ಣಿನ ಸ್ವಲ್ಪ ಮೇಲೆ. ಮೊದಲೆರಡು ದಿನ ನೋಡಲು ಬೇಜಾರಾಗುತ್ತದೆ. ಆಮೇಲೆ ಪ್ರತಿ ಗೆಣ್ಣಿನಲ್ಲೂ ಹಸಿರು ಚುಕ್ಕೆಯಂತೆ ಚಿಗುರು ಮೂಡುತ್ತದೆ. ಕೆಲವೇ ವಾರದಲ್ಲಿ ಗಿಡ ಮತ್ತೆ ತುಂಬಿಕೊಂಡು ಹೂ ಬಿಡುತ್ತದೆ. ಹಂಗಾಮಿನ ನಡುವೆ ಒಮ್ಮೆ ಹೀಗೆ ಮಾಡುವುದು ಒಳ್ಳೆಯದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಎಳೆ ಸಸಿ ಇದ್ದಾಗಲೇ ಕುಡಿ ಚಿವುಟಿದರೆ ಮೊದಲಿನಿಂದಲೂ ಪೊದೆಯಾಗಿ ಬರುತ್ತದೆ. ಇಂದಿನ ಗಿಡ್ಡ ತಳಿಗಳಿಗೆ ಚಿವುಟುವ ಅಗತ್ಯ ಅಷ್ಟಾಗಿ ಬೀಳುವುದಿಲ್ಲ.

ಬೀಜದಿಂದ ಬೆಳೆಸಬಹುದಾ?

ಬಹುದು, ತಾಳ್ಮೆ ಬೇಕು. ವಾಲೆರಿಯಾನಾ ಬೀಜ ಎಷ್ಟು ಸಣ್ಣದು ಅಂದರೆ ಒಂದು ಗ್ರಾಂನಲ್ಲಿ ಸಾವಿರಕ್ಕೂ ಹೆಚ್ಚು ಇರುತ್ತವೆ. ಮೊಳೆಯಲು ಬೆಳಕು ಬೇಕಾದ್ದರಿಂದ ಆಳದಲ್ಲಿ ಹೂಳಬೇಡಿ. ಒದ್ದೆ ಮಾಡಿದ ನಯವಾದ ಮಿಶ್ರಣದ ಮೇಲೆ ಉದುರಿಸಿ, ಮೆಲ್ಲಗೆ ಒತ್ತಿ, ಬೇಕಿದ್ದರೆ ವರ್ಮಿಕ್ಯುಲೈಟ್ ಎಂಬ ಹಗುರಾದ ಖನಿಜದ ಪುಡಿಯನ್ನು ತೆಳ್ಳಗೆ ಚಿಮುಕಿಸಿ. 21ರಿಂದ 24 ಡಿಗ್ರಿ ಬೆಚ್ಚಗಿದ್ದರೆ ಎರಡು ವಾರದ ಆಸುಪಾಸಿನಲ್ಲಿ ಮೊಳೆಯುತ್ತವೆ, ಕೆಲವು ಮೂರು ವಾರ ತೆಗೆದುಕೊಳ್ಳುತ್ತವೆ. ಮೇಲೆ ಪ್ಲಾಸ್ಟಿಕ್ ಮುಚ್ಚಿದ್ದರೆ ಮೊಳಕೆ ಕಂಡ ಕೂಡಲೇ ತೆಗೆಯಿರಿ. ಇಲ್ಲವಾದರೆ ಸಸಿ ಬುಡ ಕೊಳೆತು ದಾರದಂತೆ ಸಣ್ಣಗಾಗಿ ಸಾಲು ಸಾಲಾಗಿ ಮಲಗಿಬಿಡುತ್ತದೆ. ಹೊರಗೆ ನೆಡುವ ಹೊತ್ತಿಗೆ 8ರಿಂದ 10 ವಾರ ಮೊದಲೇ ಬಿತ್ತಿ. ಕರ್ಣಕುಂಡಲದ ಬೀಜ ಇದಕ್ಕಿಂತ ದಪ್ಪ, ಪಾತಿಯಲ್ಲೇ ನೇರವಾಗಿ ಹಾಕಬಹುದು. ಮಕ್ಕಳ ಕೈಗೆ ಮೊದಲ ಬೀಜ ಕೊಡುವುದಾದರೆ ಇದನ್ನೇ ಕೊಡಿ.

ಕಡ್ಡಿ ನೆಟ್ಟರೆ ಬರುತ್ತದಾ?

ತುಂಬಾ ಸುಲಭವಾಗಿ ಬರುತ್ತದೆ. ಹೂ, ಮೊಗ್ಗು ಇಲ್ಲದ ಕುಡಿಯನ್ನು 8ರಿಂದ 10 ಸೆಂಟಿಮೀಟರ್ ಉದ್ದಕ್ಕೆ, ಗೆಣ್ಣಿನ ಕೆಳಗೆ ಕತ್ತರಿಸಿ. ಕೆಳಗಿನ ಎಲೆ ತೆಗೆದು ಒದ್ದೆ ಮರಳು ಅಥವಾ ಕೋಕೋಪೀಟ್‌ಗೆ ಚುಚ್ಚಿ ನೆರಳಲ್ಲಿಡಿ. ಎರಡರಿಂದ ಮೂರು ವಾರದಲ್ಲಿ ಬೇರು ಬರುತ್ತದೆ. ನೀರಿನ ಲೋಟದಲ್ಲೂ ಬೇರು ಬಿಡುತ್ತದೆ. ಆದರೆ ನೀರಲ್ಲಿ ಬಂದ ಬೇರು ಪುಕ್ಕಲು, ಮಣ್ಣಿಗೆ ಹಾಕುವಾಗ ಮುರಿಯುತ್ತದೆ. ಒಂದು ಇಂಚು ಬೇರು ಬಂದ ಕೂಡಲೇ ಮಣ್ಣಿಗೆ ಬದಲಿಸಿ. ಕೆಲವು ತಳಿಗಳಿಗೆ ಪೇಟೆಂಟ್ ಇರುತ್ತದೆ, ಅವುಗಳಿಂದ ಕಡ್ಡಿ ನೆಟ್ಟು ಗಿಡ ಮಾಡಲು ಅನುಮತಿ ಬೇಕಾಗಬಹುದು. ಗಿಡದ ಚೀಟಿ ಓದಿ.

ಬೀಜ ಹಿಡಿಯುವುದು ಹೇಗೆ? ಮುಟ್ಟಿದರೆ ಸಿಡಿಯುತ್ತದಲ್ಲ?

ಅದೇ ಇದರ ಚಂದ. ಮಾಗಿದ ಕಾಯಿ ತುಂಬಿಕೊಂಡು ಉಬ್ಬಿರುತ್ತದೆ. ಬೆರಳು ತಾಗಿದರೆ ಸಾಕು, ಅದರ ಐದು ಹೋಳುಗಳು ಚಕ್ಕನೆ ಒಳಕ್ಕೆ ಸುರುಳಿ ಸುತ್ತಿ ಬೀಜಗಳನ್ನು ದೂರಕ್ಕೆ ಎಸೆಯುತ್ತವೆ. ಆದ್ದರಿಂದ ಕಾಯಿ ಪೂರ್ತಿ ಉಬ್ಬಿದಾಗ ಸಣ್ಣ ಕಾಗದದ ಕವರನ್ನು ಅದರ ಸುತ್ತ ಹಿಡಿದು, ಆಮೇಲೆ ಮುಟ್ಟಿ. ಬೀಜ ಕವರಿನೊಳಗೇ ಬೀಳುತ್ತದೆ.

ಹೂವಿನ ನಡುವೆ ಬಿಳಿ ಟೋಪಿಯಂಥ ಭಾಗ ಕಾಣುತ್ತದಲ್ಲ, ಅದು ಪರಾಗ ಕೋಶಗಳು ಸೇರಿ ಆಗಿರುವುದು. ಅದು ಉದುರಿದ ಮೇಲೆ ಮಾತ್ರ ಕೆಳಗಿನ ಶಲಾಕೆ, ಅಂದರೆ ಪರಾಗ ಹಿಡಿಯುವ ಹೆಣ್ಣು ಭಾಗ, ಹೊರಗೆ ಕಾಣುತ್ತದೆ. ಹಾಗಾಗಿ ಒಂದು ಹೂವಿನ ಪರಾಗ ಇನ್ನೊಂದಕ್ಕೆ ಹೋಗಲು ಚಿಟ್ಟೆ, ಜೇನು ಬೇಕು. ಹೂವಿನ ಹಿಂದೆ ಬಾಲದಂತೆ ಬಾಗಿರುವ ತೆಳ್ಳನೆಯ ನಳಿಗೆಯಲ್ಲಿ ಮಕರಂದ ಇರುವುದೂ ಅವುಗಳಿಗಾಗಿಯೇ. ಮುಚ್ಚಿದ ಮನೆಯೊಳಗೆ ಕಾಯಿ ಕಟ್ಟದಿರುವುದಕ್ಕೆ ಇದೇ ಕಾರಣ. ಹೈಬ್ರಿಡ್ ಗಿಡದಿಂದ ಹಿಡಿದ ಬೀಜದಲ್ಲಿ ತಾಯಿಯ ಬಣ್ಣವೇ ಬರುತ್ತದೆ ಅಂತಿಲ್ಲ.

ಎಲೆ ಅಂಚಿನಲ್ಲಿ ಸಕ್ಕರೆ ಹರಳಿನಂಥದ್ದು ಕಾಣುತ್ತಿದೆ. ಹುಳದ ಮೊಟ್ಟೆಯಾ?

ಗಾಬರಿ ಬೇಡ. ನಿಜವಾಗಿಯೂ ಸಕ್ಕರೆಯೇ ಅದು. ಎಲೆಯ ತೊಟ್ಟಿನಲ್ಲಿ, ಅಂಚಿನ ಹಲ್ಲುಗಳಲ್ಲಿ ಸಣ್ಣ ಗ್ರಂಥಿಗಳಿದ್ದು ಸಿಹಿ ರಸ ಒಸರುತ್ತದೆ. ಅದು ಒಣಗಿ ಹರಳಾಗುತ್ತದೆ. ನ್ಯೂಗಿನಿಯಲ್ಲಿ ಚೆನ್ನಾಗಿ ಕಾಣಿಸುತ್ತದೆ. ಅದನ್ನು ಅರಸಿ ಇರುವೆ ಬರಬಹುದು. ಇದಕ್ಕೆ ಔಷಧಿ ಹೊಡೆಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ.

ಎಲೆಯೆಲ್ಲ ಉದುರಿ ಬರೀ ಹಸಿರು ಕಡ್ಡಿ ನಿಂತಿದೆ. ಏನಿದು?

ಬಹುಶಃ ಬೂಜು ತುಪ್ಪಟ ರೋಗ. ಇಂಪೇಶನ್ಸ್ ಬೆಳೆಸುವವರು ಇದೊಂದನ್ನು ಚೆನ್ನಾಗಿ ತಿಳಿದಿರಬೇಕು. ಬ್ರಿಟನ್‌ನಲ್ಲಿ 2003ರಲ್ಲಿ ವ್ಯಾಪಕವಾಗಿ ಕಾಣಿಸಿಕೊಂಡಿತು. 2011 ಮತ್ತು 2012ರಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ಪಾತಿಗೆ ಪಾತಿಯೇ ಬೋಳಾಯಿತು. ಅಲ್ಲಿಯವರೆಗೆ ಎಲ್ಲರ ಮೊದಲ ಆಯ್ಕೆಯಾಗಿದ್ದ ವಾಲೆರಿಯಾನಾವನ್ನು ಎಷ್ಟೋ ನರ್ಸರಿಗಳು ಬೆಳೆಯುವುದನ್ನೇ ಬಿಟ್ಟವು.

ಶುರುವಿನಲ್ಲಿ ಒಂದೆರಡು ಎಲೆ ಪೇಲವವಾಗುತ್ತವೆ. ಗೊಬ್ಬರ ಸಾಲದು ಅಂದುಕೊಂಡು ಸುಮ್ಮನಾಗುವ ಹಂತ ಇದು. ಆಮೇಲೆ ಎಲೆ ಅಂಚು ಕೆಳಕ್ಕೆ ಮಡಚುತ್ತದೆ. ಎಲೆ ಮಗುಚಿದರೆ ಅಡಿಯಲ್ಲಿ ಹಿಟ್ಟು ಉದುರಿಸಿದಂತೆ ಬಿಳಿ ಬೂಷ್ಟು. ಬರಬರುತ್ತಾ ಹೂ ಉದುರಿ, ಎಲೆ ಉದುರಿ, ಕೊನೆಗೆ ಕಡ್ಡಿ ಮಾತ್ರ ಉಳಿಯುತ್ತದೆ. ತಂಪು ರಾತ್ರಿ, ಒದ್ದೆ ಎಲೆ, ಗಾಳಿಯಾಡದ ಜಾಗ ಇದಕ್ಕೆ ಹಬ್ಬ. ಬೀಜಾಣುಗಳು ಗಾಳಿಯಲ್ಲಿ ದೂರ ಹೋಗುತ್ತವೆ, ನೀರಿನ ಹನಿ ಸಿಡಿದೂ ಹರಡುತ್ತವೆ. ಉದುರಿದ ಎಲೆ ಕಡ್ಡಿಯ ಮೂಲಕ ಮಣ್ಣು ಸೇರಿ ಅಲ್ಲೇ ಉಳಿಯುವ ಬಗೆಯೂ ಇದೆ.

ರೋಗ ಬಂದ ಗಿಡ ವಾಸಿಯಾಗುವುದಿಲ್ಲ. ಬೇರು ಸಮೇತ ಕಿತ್ತು, ಕೆಳಗೆ ಬಿದ್ದ ಎಲೆಯನ್ನೂ ಆರಿಸಿ, ಚೀಲದಲ್ಲಿ ಕಟ್ಟಿ ಎಸೆಯಿರಿ. ಕಾಂಪೋಸ್ಟ್ ಗುಂಡಿಗೆ ಹಾಕಬೇಡಿ. ಶಿಲೀಂಧ್ರನಾಶಕಗಳು ರೋಗ ಬರುವ ಮುಂಚೆ ಹೊಡೆದರೆ ತಡೆಯಬಹುದು, ಬಂದ ಮೇಲೆ ಪ್ರಯೋಜನ ಇಲ್ಲ. ಮನೆತೋಟದಲ್ಲಿ ಅದರ ಹಿಂದೆ ಬೀಳುವುದು ಬೇಡ ಅನ್ನುತ್ತೇನೆ. ಆ ಪಾತಿಯಲ್ಲಿ ಮುಂದಿನ ಕೆಲವು ವರ್ಷ ವಾಲೆರಿಯಾನಾ, ಕರ್ಣಕುಂಡಲ ಎರಡನ್ನೂ ಬಿಡಿ. ಕರ್ಣಕುಂಡಲಕ್ಕೂ ಈ ರೋಗ ತಗಲುತ್ತದೆ. ನ್ಯೂಗಿನಿ ಮತ್ತು ಸನ್‌ಪೇಶನ್ಸ್ ಇದನ್ನು ಚೆನ್ನಾಗಿ ತಡೆಯುತ್ತವೆ, ಅಲ್ಲಿ ಅವನ್ನೇ ನೆಡಬಹುದು. ವಾಲೆರಿಯಾನಾದಲ್ಲೇ ಈಗ ರೋಗ ತಡೆಯುವ ‘ಬೀಕನ್’, ‘ಇಮಾರಾ’ ಸರಣಿಗಳು ಬಂದಿವೆ. ಒಂದು ಸಮಾಧಾನವೆಂದರೆ ಇದು ನಿಮ್ಮ ಗುಲಾಬಿಗೋ ಸೌತೆಕಾಯಿಗೋ ಹೋಗುವುದಿಲ್ಲ. ಅವುಗಳ ಬೂಜು ತುಪ್ಪಟ ತರುವ ಜೀವಿಗಳೇ ಬೇರೆ.

ಎಲೆ ಮೇಲೆ ಕಪ್ಪು ಉಂಗುರಗಳು ಬಂದಿವೆ.

ಇಂಪೇಶನ್ಸ್ ನೆಕ್ರೋಟಿಕ್ ಸ್ಪಾಟ್ ಎಂಬ ವೈರಸ್ ಇರಬಹುದು. ಥ್ರಿಪ್ಸ್ ನುಸಿ ಇದನ್ನು ಗಿಡದಿಂದ ಗಿಡಕ್ಕೆ ಹರಡುತ್ತದೆ. ಮದ್ದಿಲ್ಲ, ಗಿಡ ತೆಗೆದುಬಿಡಿ. ಬಿಳಿ ಕಾಗದದ ಮೇಲೆ ಹೂವನ್ನು ತಟ್ಟಿದರೆ ಸಣ್ಣ ಗೀಟಿನಂಥ ಹುಳ ಓಡಾಡುವುದು ಕಾಣಿಸಿದರೆ ಅದೇ ಥ್ರಿಪ್ಸ್.

ಬೇರೆ ಯಾವ ಹುಳಗಳ ಕಾಟ ಇರುತ್ತದೆ?

ಒಣ, ಬಿಸಿ ಗಾಳಿಯಲ್ಲಿ ಜೇಡನುಸಿ. ಎಲೆ ಮೇಲೆ ಸೂಜಿಮೊನೆಯಷ್ಟು ಹಳದಿ ಚುಕ್ಕೆಗಳು, ಅಡಿಯಲ್ಲಿ ತೆಳ್ಳನೆ ಬಲೆ. ಎಲೆಯ ಅಡಿಗೆ ನೀರು ರಭಸವಾಗಿ ಬಿಡಿ, ಬೆಳಗಿನ ಹೊತ್ತು. ಎಳೆ ಕುಡಿಯಲ್ಲಿ ಹೇನು ಕಂಡರೆ ಅದೂ ನೀರಿಗೇ ಹೋಗುತ್ತದೆ. ಹಠಮಾಡಿದರೆ ಬೇವಿನೆಣ್ಣೆ ಅಥವಾ ಕೀಟನಾಶಕ ಸೋಪು, ಮೊದಲು ಒಂದೆರಡು ಎಲೆಗೆ ಹಾಕಿ ನೋಡಿ. ಎಳೆ ಸಸಿಯನ್ನು ರಾತ್ರೋರಾತ್ರಿ ತಿನ್ನುವುದು ಗೊಂಡೆಹುಳು. ಟಾರ್ಚ್ ಹಿಡಿದು ಹೋಗಿ ಆರಿಸುವುದೇ ಸರಿಯಾದ ದಾರಿ.

ಗಿಡ ಚೆನ್ನಾಗಿದೆ, ಹೂ ಮಾತ್ರ ಇಲ್ಲ. ಮೊಗ್ಗು ಬಂದರೂ ಉದುರುತ್ತದೆ.

ಬೆಳಕು ಸಾಲದಿರಬಹುದು, ಸಾರಜನಕ ಜಾಸ್ತಿಯಾಗಿರಬಹುದು. ಮೊಗ್ಗು ಉದುರುತ್ತಿದ್ದರೆ ಮಣ್ಣು ಒಮ್ಮೆ ಪೂರ್ತಿ ಒಣಗಿ ಮತ್ತೆ ಕೆಸರಾಗುವ ಹೊಯ್ದಾಟ ಇದೆಯಾ ನೋಡಿ. ಇದು ಯಾವುದೂ ಇಲ್ಲ, ಉರಿ ಸೆಕೆ ಮಾತ್ರ ಇದೆ ಅಂದರೆ ಹವೆ ತಂಪಾಗುವವರೆಗೆ ಕಾಯಬೇಕು.

ಜೊತೆಗೆ ಯಾವ ಗಿಡ ನೆಡಬಹುದು?

ಅಷ್ಟೇ ನೆರಳು, ಅಷ್ಟೇ ತೇವ ಬಯಸುವಂಥವು: ಕೋಲಿಯಸ್, ಕಲಾಡಿಯಂ, ಜರೀಗಿಡ, ಟೊರೆನಿಯಾ. ಬಿಳಿ ಇಂಪೇಶನ್ಸ್ ಜೊತೆ ಜರೀಗಿಡ ಇಟ್ಟರೆ ನೆರಳಿನ ಮೂಲೆ ಬೆಳಗುತ್ತದೆ. ಲ್ಯಾವೆಂಡರ್, ಪೋರ್ಚುಲಾಕಾದಂಥ ಒಣ ಬಿಸಿಲಿನ ಗಿಡಗಳನ್ನು ಒಂದೇ ಕುಂಡದಲ್ಲಿ ಸೇರಿಸಬೇಡಿ. ಎರಡರಲ್ಲಿ ಒಂದು ಸೊರಗುವುದು ಖಂಡಿತ.

ನಾಯಿ, ಬೆಕ್ಕು ತಿಂದರೆ ಅಪಾಯವಾ?

ಅಮೆರಿಕದ ಪ್ರಾಣಿದಯಾ ಸಂಸ್ಥೆ ಎಎಸ್‌ಪಿಸಿಎ ಇದನ್ನು ನಾಯಿ, ಬೆಕ್ಕುಗಳಿಗೆ ವಿಷವಲ್ಲದ ಗಿಡಗಳ ಪಟ್ಟಿಯಲ್ಲಿ ಇಟ್ಟಿದೆ. ಜಾಸ್ತಿ ತಿಂದರೆ ವಾಂತಿ ಆಗಬಹುದು. ಗಿಡಕ್ಕೆ ಔಷಧಿ ಹೊಡೆದಿದ್ದರೆ ಮಾತು ಬೇರೆ, ಆಗ ಹತ್ತಿರ ಬಿಡಬೇಡಿ.

ಇದು ತಾನಾಗೇ ಹಬ್ಬಿ ಕಳೆಯಾಗುತ್ತದಾ?

ಹಿಮ ಬೀಳದ, ತೇವದ ಪ್ರದೇಶಗಳಲ್ಲಿ ವಾಲೆರಿಯಾನಾ ತೋಟ ದಾಟಿ ಹೊರಗೆ ಹೋಗಿರುವುದುಂಟು. ತೊರೆ, ಕಾಡಿನ ಅಂಚು ಹತ್ತಿರವಿದ್ದರೆ ಕಾಯಿ ಮಾಗುವ ಮುಂಚೆ ಚಿವುಟಿ, ಕತ್ತರಿಸಿದ ಕಡ್ಡಿಗಳನ್ನು ಅಲ್ಲಿ ಎಸೆಯಬೇಡಿ. ಬಿದ್ದಲ್ಲೇ ಬೇರು ಬಿಡುತ್ತವೆ. ಇದೇ ಕುಲದ ಹಿಮಾಲಯನ್ ಬಾಲ್ಸಮ್ 1839ರಲ್ಲಿ ತೋಟದ ಹೂವಾಗಿ ಬ್ರಿಟನ್‌ಗೆ ಹೋಯಿತು. ಸಿಡಿದ ಕಾಯಿಯಿಂದ ಬೀಜ 7 ಮೀಟರ್‌ವರೆಗೂ ಹಾರಿ, ಹೊಳೆ ನೀರಿನಲ್ಲಿ ತೇಲಿ, ಇಂದು ಯುರೋಪಿನ ಎಷ್ಟೋ ನದೀತೀರಗಳನ್ನು ಆವರಿಸಿದೆ. 2017ರಲ್ಲಿ ಯುರೋಪಿಯನ್ ಒಕ್ಕೂಟ ಅದನ್ನು ಆಕ್ರಮಣಕಾರಿ ಜಾತಿಗಳ ಪಟ್ಟಿಗೆ ಸೇರಿಸಿತು. ಅದರ ಬೀಜ ಎಲ್ಲಾದರೂ ಸಿಕ್ಕರೂ ಬಿತ್ತಬೇಡಿ.

ಹಂಗಾಮು ಮುಗಿದ ಮೇಲೆ ಗಿಡ ಉಳಿಸಿಕೊಳ್ಳಬಹುದಾ?

ಹಿಮ ಬೀಳದ ಕಡೆ ಕತ್ತರಿಸಿ, ಮೇಲ್ಮಣ್ಣು ಬದಲಿಸಿದರೆ ಮುಂದುವರಿಯುತ್ತದೆ. ಚಳಿ ದೇಶಗಳಲ್ಲಿ ರಾತ್ರಿ 10 ಡಿಗ್ರಿಗೆ ಇಳಿಯುವ ಮುಂಚೆ ಒಳಗೆ ತಂದು ಬೆಳಕಿನ ಕಿಟಕಿ ಬಳಿ ಇಡಿ. ತರುವ ಮುಂಚೆ ಎಲೆ ಅಡಿ ಪರೀಕ್ಷಿಸಿ. ಒಣ ಮನೆಯಲ್ಲಿ ಜೇಡನುಸಿ ಬೇಗ ಹೆಚ್ಚುತ್ತದೆ. ಇಡೀ ಗಿಡಕ್ಕಿಂತ ನಾಲ್ಕೈದು ಕಡ್ಡಿ ಬೇರು ಬರಿಸಿ ಇಟ್ಟುಕೊಳ್ಳುವುದು ನನಗೆ ಸರಿ ಅನ್ನಿಸುತ್ತದೆ. ಜಾಗ ಕಡಿಮೆ ಸಾಕು, ಮುಂದಿನ ಹಂಗಾಮಿಗೆ ಎಳೆ ಗಿಡವೇ ಸಿಗುತ್ತದೆ. ಚಳಿಗಾಲದಲ್ಲಿ ಬೆಳವಣಿಗೆ ನಿಧಾನ, ಹಾಗಾಗಿ ನೀರು ಕಡಿಮೆ ಮಾಡಿ, ಗೊಬ್ಬರ ನಿಲ್ಲಿಸಿ. ಹೊಸ ಚಿಗುರು ಕಂಡ ಮೇಲೆ ಎರಡನ್ನೂ ಮತ್ತೆ ಶುರು ಮಾಡಿ.